ಮೂರು ಊರು, ಒಂದು ಎಕ್ಸೆಲ್ ಶೀಟು, ಅತ್ತೆಯ ಮೊಣಕಾಲು

ಪ್ರಶ್ನೆ: ಸರ್, ನಾವು ಬನಶಂಕರಿಯವರು. ನನ್ನ ಯಜಮಾನರಿಗೆ ಕಂಪನಿಯವರು ಟೊರೊಂಟೊ, ಡಬ್ಲಿನ್, ಮೆಲ್ಬರ್ನ್ ಮೂರರಲ್ಲಿ ಯಾವುದಾದರೂ ಒಂದು ಕಚೇರಿ ಆರಿಸಿಕೊಳ್ಳಿ ಎಂದಿದ್ದಾರೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಸಂಬಳ, ಬಾಡಿಗೆ, ಮಗನ ಸ್ಕೂಲು ಎಲ್ಲ ಕೂಡಿ ಕಳೆದರೆ ಮೂರೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಹವೆ ನೋಡಿ ತೀರ್ಮಾನಿಸೋಣ ಎಂದು ಇವರು ಒಂದು ಎಕ್ಸೆಲ್ ಶೀಟು ಮಾಡಿದ್ದಾರೆ. ವರ್ಷದ ಸರಾಸರಿ ಉಷ್ಣಾಂಶ ಡಬ್ಲಿನ್‌ನಲ್ಲಿ 10 ಡಿಗ್ರಿ, ಟೊರೊಂಟೊದಲ್ಲಿ 9, ಮೆಲ್ಬರ್ನ್‌ನಲ್ಲಿ 15 ಎಂದಿದೆ. ಡಬ್ಲಿನ್‌ಗೂ ಟೊರೊಂಟೊಗೂ ವ್ಯತ್ಯಾಸವೇ ಇಲ್ಲ ಎನ್ನುತ್ತಾರೆ ಇವರು. ನನಗೆ ನಂಬಿಕೆ ಬರುತ್ತಿಲ್ಲ. ಡಬ್ಲಿನ್‌ನ ಆರ್ದ್ರತೆ ಶೇ. 85 ಎಂದೂ ಇದೆ. ಮಂಗಳೂರಿನ ಹಾಗೆ ಬೆವರು ಸುರಿಯುತ್ತದೆಯೇ? ನನಗೆ ಉಬ್ಬಸ, ಇನ್ಹೇಲರ್ ಬಳಸುತ್ತೇನೆ. ದಸರಾಕ್ಕೆ ಅಟ್ಟದಿಂದ ಗೊಂಬೆ ಇಳಿಸಿದ ರಾತ್ರಿ ಮಲಗಲು ಆಗುವುದಿಲ್ಲ. ನಮ್ಮ ಜೊತೆ ಬರುವ ಅತ್ತೆಗೆ 69 ವರ್ಷ, ಮೊಣಕಾಲು ನೋವು, ಬಿ.ಪಿ. ಇದೆ. ಮೈದುನ ಮೈಸೂರಿನಲ್ಲಿದ್ದಾರೆ, ಆದರೆ ಅತ್ತೆಗೆ ಮೊಮ್ಮಗನನ್ನು ಬಿಟ್ಟಿರಲು ಮನಸ್ಸಿಲ್ಲ. ಮಗನಿಗೆ 7. ಬೆಂಗಳೂರಿನವರ ರಕ್ತ ತೆಳು, ಅಲ್ಲಿನ ಚಳಿ ತಡೆಯುವುದಿಲ್ಲ ಎಂದು ನೆಂಟರೆಲ್ಲ ಹೆದರಿಸುತ್ತಿದ್ದಾರೆ. ಕೊನೆಯದಾಗಿ, ನಗಬೇಡಿ, ತುಳಸಿ ಗಿಡ ಒಯ್ಯಬಹುದೇ ಎಂದು ಅತ್ತೆ ಕೇಳಿದ್ದಾರೆ.

ಉತ್ತರ: ನಿಮ್ಮ ಯಜಮಾನರ ಎಕ್ಸೆಲ್ ಶೀಟಿನಲ್ಲಿ ತಪ್ಪು ಅಂಕಿ ಒಂದೂ ಇಲ್ಲ. ಆದರೂ ನಿಮ್ಮ ಅನುಮಾನವೇ ಸರಿ. ಹವಾಮಾನ ಇಲಾಖೆಯಲ್ಲಿ ಮೂರು ದಶಕ ದುಡಿದವನಾಗಿ ಹೇಳುತ್ತೇನೆ, ನಾವು ಪ್ರಕಟಿಸುವ ಅಂಕಿಗಳಲ್ಲಿ ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಈ ವರ್ಷದ ಸರಾಸರಿಯೇ.

ಡಬ್ಲಿನ್‌ನ ಜನವರಿಯ ಸರಾಸರಿ ಸುಮಾರು 5 ಡಿಗ್ರಿ, ಜುಲೈಯದು 15–16. ಟೊರೊಂಟೊದ ಜನವರಿ ಸೊನ್ನೆಗಿಂತ 3–4 ಡಿಗ್ರಿ ಕೆಳಗೆ, ಜುಲೈ 22ರ ಮೇಲೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಅಕ್ಕಪಕ್ಕದ ಅಂಕಿ ಬರುತ್ತದೆ ಅಷ್ಟೇ. ಒಂದು ಊರಿನಲ್ಲಿ ವರ್ಷವಿಡೀ ಸ್ವೆಟರ್ ಕೈಗೆ ಸಿಗುವಂತಿರಬೇಕು. ಇನ್ನೊಂದರಲ್ಲಿ ಜನವರಿಗೆ ಮಂಡಿಯವರೆಗಿನ ಬೂಟು, ಜುಲೈಗೆ ಫ್ಯಾನು ಎರಡೂ ಬೇಕು. ಅಲ್ಲಿ ಜುಲೈ ಮಧ್ಯಾಹ್ನ 27 ಡಿಗ್ರಿ ಸಾಮಾನ್ಯ, 30 ದಾಟುವ ದಿನಗಳೂ ಸಾಕಷ್ಟು. ಕೆನಡಾ ಎಂದರೆ ಬರೀ ಹಿಮ ಎಂದುಕೊಂಡು ಹೋದವರು ಆಗಸ್ಟಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಫೋನ್ ಮಾಡುವುದು ನನಗೆ ಹೊಸದಲ್ಲ.

ಈ ಬಲೆಗೆ ಬೆಂಗಳೂರಿನವರು ಬೇಗ ಬೀಳುವುದಕ್ಕೆ ಕಾರಣವಿದೆ. ನಮ್ಮ ಊರಿನ ಮಟ್ಟಿಗೆ ಸರಾಸರಿ ಸುಳ್ಳು ಹೇಳುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರ, ಸಮಭಾಜಕದಿಂದ 13 ಡಿಗ್ರಿ ಮಾತ್ರ ದೂರ. ಎತ್ತರ ಬಿಸಿಲನ್ನು ತಗ್ಗಿಸುತ್ತದೆ, ಅಕ್ಷಾಂಶ ಚಳಿಯನ್ನು ತಡೆಯುತ್ತದೆ. ಜನವರಿ ಬೆಳಗ್ಗೆ 15–16, ಏಪ್ರಿಲ್ ಮಧ್ಯಾಹ್ನ 34, ನಮ್ಮ ವರ್ಷದ ಲೆಕ್ಕ ಬಹುಮಟ್ಟಿಗೆ ಇದರೊಳಗೇ ಮುಗಿಯುತ್ತದೆ. ಅಪವಾದಗಳಿವೆ: 1884ರ ಜನವರಿ 13ರಂದು ಇಲ್ಲಿ 7.8ಕ್ಕೆ ಇಳಿದಿತ್ತು, 2016ರ ಏಪ್ರಿಲ್ 24ರಂದು 39.2ಕ್ಕೆ ಏರಿತ್ತು. ಆ 2016ರ ದಿನ ನನ್ನ ಮನೆಯ ಫೋನು ಸಂಜೆಯವರೆಗೂ ಬಿಡುವಿಲ್ಲದೆ ಬಡಿದುಕೊಂಡಿತು. ಉಷ್ಣಾಂಶ ಏರಿದ್ದು ನನ್ನ ತಪ್ಪೇನೋ ಎಂಬಂತೆ ಎಲ್ಲರೂ ಮಾತನಾಡಿದರು! ಇಷ್ಟು ಕಿರಿದಾದ ಅಂತರದಲ್ಲಿ ಬದುಕಿದವರಿಗೆ ‘ಸರಾಸರಿ 10’ ಎಂದರೆ ‘ಯಾವಾಗಲೂ 10ರ ಆಸುಪಾಸು’ ಎಂದೇ ಕೇಳಿಸುತ್ತದೆ.

ಡಬ್ಲಿನ್ ಇರುವುದು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಟೊರೊಂಟೊ 43.7ರಲ್ಲಿ. ಅಂದರೆ ಟೊರೊಂಟೊ ಪ್ಯಾರಿಸ್‌ಗಿಂತಲೂ ದಕ್ಷಿಣಕ್ಕಿದೆ. ಆದರೂ ಚಳಿ ಹೆಚ್ಚು ಟೊರೊಂಟೊದಲ್ಲಿ. ಆ ಅಕ್ಷಾಂಶಗಳಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಡಬ್ಲಿನ್‌ಗೆ ಬರುವ ಗಾಳಿ ಅಟ್ಲಾಂಟಿಕ್ ಸಾಗರ ದಾಟಿ ಬರುತ್ತದೆ. ನೀರು ಬೇಸಿಗೆಯ ಬಿಸಿಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಟೊರೊಂಟೊಗೆ ಗಾಳಿ ಬರುವುದು ಹೆಪ್ಪುಗಟ್ಟಿದ ಖಂಡದ ಮೇಲಿಂದ. ಪಕ್ಕದ ಒಂಟಾರಿಯೊ ಸರೋವರ ಸ್ವಲ್ಪ ಮೆತ್ತಗೆ ಮಾಡುತ್ತದೆ, ಅಷ್ಟೇ. ಹಾಗಾಗಿ ಅಕ್ಷಾಂಶ ನೋಡಿ ಚಳಿಯನ್ನು ಊಹಿಸಬೇಡಿ, ಬೆಳಕನ್ನು ಊಹಿಸಿ. ಚಳಿ ಎಷ್ಟೆಂದು ಹೇಳುವುದು ಸಮುದ್ರ ಮತ್ತು ಗಾಳಿಯ ದಿಕ್ಕು.

ಬೆಳಕಿನ ಮಾತಿಗೆ ನಿಮ್ಮ ಶೀಟಿನಲ್ಲಿ ಒಂದು ಕಾಲಮ್ಮೂ ಇಲ್ಲ. ನನ್ನನ್ನು ಕೇಳಿದರೆ ಅದೇ ಮೊದಲ ಕಾಲಮ್ ಆಗಬೇಕು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಸಂಕ್ರಾಂತಿಗೆ ಹಗಲು ಚಿಕ್ಕದು ಎಂದು ಪಂಚಾಂಗದಲ್ಲಿ ಓದುತ್ತೇವೆಯೇ ಹೊರತು ಮೈಗೆ ಗೊತ್ತಾಗುವುದಿಲ್ಲ. ಡಬ್ಲಿನ್‌ನಲ್ಲಿ ಡಿಸೆಂಬರ್ 21ರಂದು ಸೂರ್ಯ ಹುಟ್ಟುವುದು ಎಂಟೂವರೆ ಕಳೆದ ಮೇಲೆ, ಮುಳುಗುವುದು ನಾಲ್ಕು ದಾಟುತ್ತಿದ್ದಂತೆ. ಹಗಲು ಏಳೂವರೆ ಗಂಟೆ. ಅದರಲ್ಲೂ ಮೋಡ. ಡಿಸೆಂಬರಿನಲ್ಲಿ ನಿಜವಾದ ಬಿಸಿಲು ದಿನಕ್ಕೆ ಸರಾಸರಿ ಎರಡು ಗಂಟೆಗೂ ಕಡಿಮೆ. ನಿಮ್ಮ ಮಗ ಕತ್ತಲಲ್ಲಿ ಎದ್ದು ಸ್ಕೂಲಿಗೆ ತಯಾರಾಗುತ್ತಾನೆ, ನಿಮ್ಮ ಯಜಮಾನರು ಕತ್ತಲಲ್ಲೇ ಮನೆಗೆ ಬರುತ್ತಾರೆ. ಟೊರೊಂಟೊದಲ್ಲಿ ಅದೇ ದಿನ ಹಗಲು ಸುಮಾರು ಒಂಬತ್ತು ಗಂಟೆ, ಮೆಲ್ಬರ್ನ್‌ನಲ್ಲಿ ಅವರ ಚಳಿಗಾಲದ ಜೂನ್ 21ರಂದು ಒಂಬತ್ತೂವರೆ. ಟೊರೊಂಟೊದ ಚಳಿಗಾಲಕ್ಕೆ ಇನ್ನೊಂದು ಗುಣವಿದೆ, ಕೊರೆಯುವ ದಿನಗಳಲ್ಲಿ ಹಲವು ಬಾರಿ ಆಕಾಶ ಶುಭ್ರವಾಗಿ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತದೆ. ವರ್ಷದ ಒಟ್ಟು ಬಿಸಿಲು ಅಲ್ಲಿ 2,000 ಗಂಟೆಗೂ ಹೆಚ್ಚು, ಡಬ್ಲಿನ್‌ನಲ್ಲಿ 1,450ರ ಸುಮಾರು.

ನಮ್ಮ ಆಷಾಢದ ಮೋಡ ಕವಿದ ವಾರಗಳಲ್ಲಿ ನಿಮಗೆ ಮಂಕು ಕವಿಯುತ್ತದೆಯೇ? ಕವಿಯುತ್ತದೆ ಎಂದಾದರೆ ಡಬ್ಲಿನ್ ಬಗ್ಗೆ ಎರಡು ಸಲ ಯೋಚಿಸಿ. ಚಳಿಗಾಲದಲ್ಲಿ ಮಾತ್ರ ಬಂದು ವಸಂತಕ್ಕೆ ಹೋಗುವ ಖಿನ್ನತೆಗೆ ವೈದ್ಯಶಾಸ್ತ್ರದಲ್ಲಿ 1984ರಿಂದ ಒಂದು ಹೆಸರೇ ಇದೆ. ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ (ಬೆಳಕಿನ ಅಳತೆ) ದೀಪದ ಮುಂದೆ ಕೂರುವುದು ಅದಕ್ಕಿರುವ ಚಿಕಿತ್ಸೆಗಳಲ್ಲೊಂದು. ಮನೆಯ ಟ್ಯೂಬ್‌ಲೈಟು ಕೊಡುವುದು ಕೆಲವು ನೂರು ಲಕ್ಸ್ ಮಾತ್ರ. ವಿಟಮಿನ್ ಡಿ ಕೂಡ ಇದಕ್ಕೇ ಅಂಟಿದ ಮಾತು. ಆ ಅಕ್ಷಾಂಶದ ಚಳಿಗಾಲದ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸುವಷ್ಟು ನೇರಳಾತೀತ ಕಿರಣವೇ ಇರುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಬೇಸಿಗೆಯಲ್ಲೂ ಸಾಲದು. ನಿಮ್ಮ ಅತ್ತೆಯವರದನ್ನು ಹೊರಡುವ ಮೊದಲೇ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಬಿಸಿಲಿನಲ್ಲಿದ್ದೂ ಮನೆಯೊಳಗೇ ಇರುವ ಹಿರಿಯರಲ್ಲಿ ಅದು ಆಗಲೇ ತಳ ಮುಟ್ಟಿರುವುದು ಅಪರೂಪವಲ್ಲ.

ಇನ್ನು ಆರ್ದ್ರತೆ. ಶೇ. 85 ನೋಡಿ ಮಂಗಳೂರು ನೆನಪಾಗಿದ್ದು ಸಹಜ. ಆದರೆ ಸಾಪೇಕ್ಷ ಆರ್ದ್ರತೆ ಎಂಬುದು ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಹೇಳುವುದಿಲ್ಲ. ಆ ಉಷ್ಣಾಂಶದಲ್ಲಿ ಗಾಳಿ ಎಷ್ಟು ಹಿಡಿಯಬಲ್ಲದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಎಂದು ಹೇಳುತ್ತದೆ. ತಣ್ಣನೆಯ ಗಾಳಿ ಒಂದು ಪುಟ್ಟ ಲೋಟ, ಬಿಸಿ ಗಾಳಿ ದೊಡ್ಡ ಕೊಳಗ. 5 ಡಿಗ್ರಿಯಲ್ಲಿ ಶೇ. 85 ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 6 ಗ್ರಾಂ ನೀರೂ ಇಲ್ಲ. ಮಂಗಳೂರಿನ 30 ಡಿಗ್ರಿಯಲ್ಲಿ ಶೇ. 75 ಎಂದರೆ 22 ಗ್ರಾಂ ದಾಟುತ್ತದೆ. ಡಬ್ಲಿನ್‌ನಲ್ಲಿ ನೀವು ಬೆವರುವುದಿಲ್ಲ. ಆದರೆ ಬಟ್ಟೆ ಒಣಗುವುದಿಲ್ಲ. ಊರುಗಳನ್ನು ಹೋಲಿಸುವಾಗ ಇಬ್ಬನಿ ಬಿಂದು ಎಂಬ ಅಂಕಿ, ಅಂದರೆ ಗಾಳಿ ಎಷ್ಟಕ್ಕೆ ತಣಿದರೆ ಇಬ್ಬನಿ ಕಟ್ಟುತ್ತದೋ ಆ ಉಷ್ಣಾಂಶ, ಸಿಕ್ಕರೆ ಅದನ್ನೇ ನೋಡಿ. 16 ಡಿಗ್ರಿಗಿಂತ ಕೆಳಗಿದ್ದರೆ ಹಿತ, 24 ದಾಟಿದರೆ ಅಂಟಂಟು.

ಮಳೆಯ ದಿನಗಳ ಲೆಕ್ಕದಲ್ಲೂ ಹೀಗೊಂದು ಗುಂಡಿ ಇದೆ. ಭಾರತದಲ್ಲಿ ನಾವು ‘ಮಳೆ ದಿನ’ ಎಂದು ಬರೆದುಕೊಳ್ಳುವುದು 2.5 ಮಿ.ಮೀ. ಅಥವಾ ಹೆಚ್ಚು ಸುರಿದರೆ ಮಾತ್ರ. ಐರ್ಲೆಂಡಿನಲ್ಲಿ 0.2 ಮಿ.ಮೀ. ಬಿದ್ದರೆ ಒಂದು ಲೆಕ್ಕ, 1 ಮಿ.ಮೀ. ಬಿದ್ದರೆ ಇನ್ನೊಂದು. ಕೆನಡಾ 0.2ರಿಂದಲೇ ಎಣಿಸುತ್ತದೆ. ಮೂರು ದೇಶದ ಅಂಕಿಗಳನ್ನು ಒಂದೇ ಕಾಲಮ್ಮಿನಲ್ಲಿ ಕೂರಿಸಿದರೆ ರಾಗಿ, ಜೋಳ, ಅಕ್ಕಿಯನ್ನು ಒಂದೇ ಸೇರಿನಲ್ಲಿ ಅಳೆದು ಬೆಲೆ ಕಟ್ಟಿದಂತಾಗುತ್ತದೆ. ವಿಚಿತ್ರವೆಂದರೆ ವರ್ಷಕ್ಕೆ ಬೀಳುವ ನೀರು ಬೆಂಗಳೂರಿನಲ್ಲೇ ಹೆಚ್ಚು. ನಮ್ಮದು ಸುಮಾರು 980 ಮಿ.ಮೀ., ಡಬ್ಲಿನ್‌ನದು 750ರ ಆಸುಪಾಸು. ನಮ್ಮದು ಮಧ್ಯಾಹ್ನ ಕಪ್ಪಾಗಿ ಸಂಜೆ ಧೋ ಎಂದು ಸುರಿದು ಸಿಲ್ಕ್ ಬೋರ್ಡ್ ಮುಳುಗಿಸಿ ರಾತ್ರಿಗೆ ನಕ್ಷತ್ರ ತೋರಿಸುವ ಮಳೆ. ಅವರದು ಸೋನೆ. ಕೊಡೆ ಬಿಚ್ಚಬೇಕೋ ಬೇಡವೋ ಗೊತ್ತಾಗದಂಥದ್ದು, ಬಿಚ್ಚಿದರೆ ಗಾಳಿಗೆ ಮಗುಚುವಂಥದ್ದು. ತೀರ್ಥಹಳ್ಳಿ ಕಡೆಯ ನೆಂಟರಿದ್ದರೆ ಆಷಾಢದಲ್ಲಿ ಅವರ ಮನೆಯ ಚರ್ಮದ ಚಪ್ಪಲಿಗೆ ಏನಾಗುತ್ತದೆ ಎಂದು ಕೇಳಿ, ಡಬ್ಲಿನ್‌ನ ಹಳೆಯ ಬಾಡಿಗೆ ಮನೆಗಳ ಗೋಡೆಗೆ ಅದೇ ಆಗುತ್ತದೆ. ಬೂಷ್ಟು.

ನಿಮ್ಮ ಮಟ್ಟಿಗೆ ಮುಖ್ಯ ವಿಷಯ ಇಲ್ಲಿಂದಲೇ ಶುರು. ನಾವು ಅಂಕಿ ತೆಗೆಯುವುದು ಹುಲ್ಲಿನ ಬಯಲಿನಲ್ಲಿ, ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ. ಆ ಪೆಟ್ಟಿಗೆಯೊಳಗೆ ಯಾರೂ ಸಂಸಾರ ಮಾಡುವುದಿಲ್ಲ. ಪರದೇಶದ ಚಳಿಗಾಲದಲ್ಲಿ ದಿನದ 22 ಗಂಟೆ ನೀವು ಮನೆ, ಕಚೇರಿ, ಬಸ್ಸಿನೊಳಗೆ ಇರುತ್ತೀರಿ. ಜೀವನದಲ್ಲಿ ನಾನು ಅತಿ ಹೆಚ್ಚು ಚಳಿ ತಿಂದದ್ದು ಕೆನಡಾದಲ್ಲಿ ಅಲ್ಲ, ಮೆಲ್ಬರ್ನ್‌ನಲ್ಲಿ ನನ್ನ ಅಣ್ಣನ ಮಗನ ಮನೆಯೊಳಗೆ, ಒಂದು ಜುಲೈನಲ್ಲಿ. ಹೊರಗೆ ಬೆಳಗ್ಗೆ 6 ಡಿಗ್ರಿ, ಮಲಗುವ ಕೋಣೆಯಲ್ಲಿ 12. ಮರದ ಹಲಗೆಯ ಗೋಡೆ, ಒಂದೇ ಗಾಜಿನ ಕಿಟಕಿ, ಬಾಗಿಲ ಕೆಳಗಿನಿಂದ ಗಾಳಿ. ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ರಗ್ಗು ಹೊದ್ದು ಕಾಫಿ ಕುಡಿದಿದ್ದೇನೆ. ಬಿಸಿಲಿನ ದೇಶ ಎಂಬ ನಂಬಿಕೆಯಲ್ಲಿ ಚಳಿಗೆ ಮನೆ ಕಟ್ಟುವುದನ್ನು ಅವರು ಬಹುಕಾಲ ಲಘುವಾಗಿಯೇ ತೆಗೆದುಕೊಂಡರು. ಟೊರೊಂಟೊದಲ್ಲಿ ಮಗಳ ಮನೆಯಲ್ಲಿದ್ದಾಗ ಹೊರಗೆ ಮೈನಸ್ 14, ಒಳಗೆ ನಾನು ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದೆ. ಚಳಿಗಾಲದಲ್ಲಿ ಬಾಡಿಗೆ ಮನೆಯೊಳಗೆ ಕನಿಷ್ಠ 21 ಡಿಗ್ರಿ ಇರುವಂತೆ ಮಾಲೀಕರು ನೋಡಿಕೊಳ್ಳಬೇಕೆಂಬುದು ಆ ನಗರದ ಕಾನೂನು.

ಆದರೆ ಆ ಬೆಚ್ಚನೆಯ ಮನೆಗೂ ಬೆಲೆ ಇದೆ. ಮೈನಸ್ 10 ಡಿಗ್ರಿಯ ಗಾಳಿಯಲ್ಲಿ ನೀರು ಘನ ಮೀಟರಿಗೆ ಎರಡು ಗ್ರಾಂ ಆಸುಪಾಸು. ಅದನ್ನೇ ಒಳಗೆ ತಂದು 21 ಡಿಗ್ರಿಗೆ ಕಾಯಿಸಿದರೆ ಸಾಪೇಕ್ಷ ಆರ್ದ್ರತೆ ಶೇ. 10–12ಕ್ಕೆ ಕುಸಿಯುತ್ತದೆ. ಅಡುಗೆ, ಸ್ನಾನ, ನಮ್ಮ ಉಸಿರು ಅದನ್ನು ಸ್ವಲ್ಪ ಏರಿಸುತ್ತವೆ, ಆದರೂ ರಾಯಚೂರಿನ ಏಪ್ರಿಲ್‌ಗಿಂತ ಒಣ. ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ, ಮಕ್ಕಳ ಮೂಗಿನಿಂದ ರಕ್ತ ಬಂದು ತಾಯಂದಿರು ಗಾಬರಿಯಾಗುತ್ತಾರೆ. ಕೊಬ್ಬರಿ ಎಣ್ಣೆ ಹೆಚ್ಚಾಗಿ ಒಯ್ಯಿರಿ, ಅಲ್ಲಿ ಅದು ಗಟ್ಟಿಯಾಗಿಯೇ ಇರುತ್ತದೆ.

ಈಗ ನಿಮ್ಮ ಉಬ್ಬಸಕ್ಕೆ ಬರುತ್ತೇನೆ. ನಾನು ವೈದ್ಯನಲ್ಲ. ಆದರೆ ಪರಾಗ, ಧೂಳು, ಗಾಳಿಯ ವಿಷಯದಲ್ಲಿ ಎದೆರೋಗ ತಜ್ಞರ ಜೊತೆ ಕೂತು ಕೆಲಸ ಮಾಡಿದ್ದೇನೆ. ಉಬ್ಬಸ ಎಂಬುದು ಒಂದೇ ಹೆಸರಾದರೂ ಅದನ್ನು ಕೆರಳಿಸುವ ಕೈ ಬೇರೆ ಬೇರೆ. ನಿಮ್ಮ ಮೂರು ಊರುಗಳಲ್ಲಿ ಒಂದೊಂದೂ ಬೇರೆ ಬೇರೆ ಕೈಯನ್ನು ಬಲಪಡಿಸುತ್ತದೆ.

ಮೆಲ್ಬರ್ನ್‌ನಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹುಲ್ಲಿನ ಪರಾಗ. ಅಲ್ಲಿ 2016ರ ನವೆಂಬರ್ 21ರ ಸಂಜೆ ನಡೆದದ್ದನ್ನು ನೀವು ತಿಳಿದಿರಲೇಬೇಕು. ಬಿಸಿ ದಿನ, ಉತ್ತರದ ಹುಲ್ಲುಗಾವಲುಗಳಿಂದ ರೈ ಹುಲ್ಲಿನ ಪರಾಗ ಹೊತ್ತು ತಂದ ಗಾಳಿ, ಅದರ ಬೆನ್ನಿಗೇ ಗುಡುಗು ಮಳೆಯ ಮೋಡಗಳ ಸಾಲು. ಪರಾಗದ ಕಣ ದೊಡ್ಡದು, ಸಾಮಾನ್ಯವಾಗಿ ಮೂಗಿನಲ್ಲೇ ನಿಲ್ಲುತ್ತದೆ. ಗುಡುಗು ಮಳೆಯ ತೇವಕ್ಕೆ ಅದು ಉಬ್ಬಿ ಒಡೆದು ನೂರಾರು ಸೂಕ್ಷ್ಮ ಚೂರುಗಳಾದವು. ಮಳೆಗೆ ಮುಂಚೆ ನೆಲಕ್ಕೆ ಅಪ್ಪಳಿಸುವ ತಣ್ಣನೆಯ ಗಾಳಿ ಆ ಚೂರುಗಳನ್ನು ಊರ ತುಂಬ ಹರಡಿತು. ಅವು ನೇರ ಶ್ವಾಸಕೋಶದ ಆಳಕ್ಕೆ ಇಳಿದವು. ಸಾವಿರಾರು ಜನ ಆಸ್ಪತ್ರೆಗಳಿಗೆ ಓಡಿದರು, ಹತ್ತು ಜನ ತೀರಿಕೊಂಡರು. ಅಂದು ಆಸ್ಪತ್ರೆ ಸೇರಿದವರಲ್ಲಿ ಭಾರತ ಮತ್ತು ಆಗ್ನೇಯ ಏಷ್ಯಾ ಮೂಲದವರ ಪಾಲು ಜನಸಂಖ್ಯೆಯ ಲೆಕ್ಕಕ್ಕಿಂತ ಹೆಚ್ಚಿತ್ತು. ಅದಕ್ಕೂ ಮುನ್ನ ಉಬ್ಬಸವೇ ಕಾಣದೆ, ವಸಂತದಲ್ಲಿ ಮೂಗು ಸುರಿಯುತ್ತಿದ್ದವರೂ ಅದರಲ್ಲಿದ್ದರು. 2017ರಿಂದ ಅಲ್ಲಿ ಪ್ರತಿ ವಸಂತಕ್ಕೂ ಮುನ್ಸೂಚನೆ ಕೊಡುತ್ತಾರೆ. ಅಂಥ ಸಂಜೆಗಳು ಅಪರೂಪ. ಎಚ್ಚರಿಕೆ ಬಂದ ದಿನ ಕಿಟಕಿ ಮುಚ್ಚಿ ಒಳಗಿರುವುದು, ತಡೆಗಟ್ಟುವ ಇನ್ಹೇಲರ್ ತಪ್ಪಿಸದಿರುವುದು, ಇಷ್ಟರಿಂದ ಬಹಳಷ್ಟು ಕಾಪಾಡಿಕೊಳ್ಳಬಹುದು. ಆದರೂ ಹುಲ್ಲಿನ ಪರಾಗ ಆಗದವರಿಗೆ ಆ ಊರನ್ನು ನಾನು ಮೊದಲ ಆಯ್ಕೆ ಎನ್ನಲಾರೆ.

ಡಬ್ಲಿನ್‌ನಲ್ಲಿ ಬೂಷ್ಟು ಮತ್ತು ಧೂಳಿನ ನುಸಿ. ಹಾಸಿಗೆ, ಕಾರ್ಪೆಟ್ಟಿನಲ್ಲಿ ಬದುಕುವ ಕಣ್ಣಿಗೆ ಕಾಣದ ಆ ಹುಳಕ್ಕೆ ಬೇಕಾದದ್ದು ಬೆಚ್ಚನೆ ಮತ್ತು ತೇವ. ನಮ್ಮ ಅಡುಗೆಯ ಕ್ರಮ ಇದಕ್ಕೆ ಇನ್ನಷ್ಟು ಒತ್ತಾಸೆ: ಕುಕ್ಕರ್ ನಾಲ್ಕು ಸಲ ಕೂಗಬೇಕು, ಇಡ್ಲಿ ಹಬೆಯಲ್ಲಿ ಬೇಯಬೇಕು, ಒಗೆದ ಬಟ್ಟೆ ಹಾಲಿನಲ್ಲೇ ಹರವಬೇಕು, ಚಳಿ ಎಂದು ಕಿಟಕಿ ತೆರೆಯುವುದಿಲ್ಲ. ಆ ಆವಿಯೆಲ್ಲ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಎರಡೇ ತಿಂಗಳಲ್ಲಿ ಕಪಾಟಿನ ಹಿಂದೆ ಕಪ್ಪು ಚುಕ್ಕಿ.

ಟೊರೊಂಟೊದ ಒಣ ಚಳಿಗಾಲದಲ್ಲಿ ನುಸಿ ಬದುಕುವುದು ಕಷ್ಟ. ಅದರ ಬದಲು ಅಲ್ಲಿ ತಣ್ಣನೆಯ ಒಣಗಾಳಿಯೇ ಕೆಲವರ ಶ್ವಾಸನಾಳವನ್ನು ಬಿಗಿ ಮಾಡುತ್ತದೆ. ಮೂಗು ಬಾಯಿಗೆ ಮಫ್ಲರ್ ಸುತ್ತಿ, ಬಾಯಿ ಬದಲು ಮೂಗಿನಿಂದ ಉಸಿರಾಡುವುದು ಅದಕ್ಕೆ ಸುಲಭದ ಉಪಾಯ. 2023ರ ಜೂನ್‌ನಲ್ಲಿ ಕ್ವಿಬೆಕ್ಕಿನ ಕಾಡ್ಗಿಚ್ಚಿನ ಹೊಗೆ ಟೊರೊಂಟೊವನ್ನು ಕವಿದದ್ದೂ ನೆನಪಿರಲಿ. ಹೊಗೆಯ ಕಾಟ ಮೆಲ್ಬರ್ನ್‌ಗೂ ಇದೆ, 2020ರ ಜನವರಿಯಲ್ಲಿ ಅಲ್ಲಿಯೂ ಹೀಗೇ ಆಗಿತ್ತು.

ನಿಮ್ಮ ಪತ್ರದಲ್ಲಿ ನನಗೆ ಅತಿ ಉಪಯುಕ್ತವಾಗಿ ಕಂಡ ಮಾಹಿತಿ ಆ ಮೂರು ಸರಾಸರಿಗಳಲ್ಲ, ಅಟ್ಟದ ಗೊಂಬೆ. ವರ್ಷವಿಡೀ ಮುಚ್ಚಿಟ್ಟ ಪೆಟ್ಟಿಗೆ ತೆರೆದ ರಾತ್ರಿ ಉಬ್ಬಸ ಬರುತ್ತದೆ ಎಂದರೆ ನುಸಿ ಅಥವಾ ಬೂಷ್ಟಿನ ಕಡೆ ಬೊಟ್ಟು ಮಾಡುತ್ತದೆ. ಆದರೆ ದಸರಾ ಬರುವುದು ಮಳೆ ಮುಗಿಯುವ ಹೊತ್ತಿಗೆ, ಹುಲ್ಲು, ಕಾಂಗ್ರೆಸ್ ಗಿಡ ಹೂಬಿಡುವ ಕಾಲವೂ ಅದೇ. ಊಹೆ ಬೇಡ. ಈ ವಾರವೇ ಅಲರ್ಜಿ ತಜ್ಞರನ್ನು ಕಂಡು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿ. ಮುಂಗೈ ಮೇಲೆ ಒಂದೊಂದು ಹನಿ ಹಾಕಿ ಮೆಲ್ಲಗೆ ಚುಚ್ಚುತ್ತಾರೆ, 15–20 ನಿಮಿಷದಲ್ಲಿ ಯಾವುದಕ್ಕೆ ದದ್ದು ಏಳುತ್ತದೆ ಎಂದು ಕಾಣುತ್ತದೆ. ಶೀತದ ಮಾತ್ರೆಗಳನ್ನು ಕೆಲವು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ, ಕೇಳಿಕೊಂಡು ಹೋಗಿ. ನುಸಿ, ಬೂಷ್ಟು, ಹುಲ್ಲಿನ ಪರಾಗ ಮೂರನ್ನೂ ಸೇರಿಸಲು ಹೇಳಿ. ಒಂದು ಎಚ್ಚರಿಕೆ: ಇಂದು ಏನೂ ಆಗದಿರುವ ಪರಾಗ ಹೊಸ ಊರಿನಲ್ಲಿ ಎರಡು ಮೂರು ವಸಂತ ಕಳೆದ ಮೇಲೆ ಕಾಡಬಹುದು. ಮೊದಲ ವರ್ಷ ಚೆನ್ನಾಗಿತ್ತು ಎಂದು ಇನ್ಹೇಲರ್ ಬಿಟ್ಟವರನ್ನು ನಾನು ಬಲ್ಲೆ.

ರಕ್ತ ತೆಳು ಎಂಬ ಮಾತಿಗೆ ಎರಡೇ ಸಾಲು ಸಾಕು. ಹವೆಗೂ ರಕ್ತದ ದಪ್ಪಕ್ಕೂ ನೆಂಟರು ಹೇಳುವ ಸಂಬಂಧವಿಲ್ಲ. ಸೆಕೆಗೆ ನಮ್ಮ ದೇಹ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ, ಚಳಿಗೆ ಹೊಂದಿಕೊಳ್ಳುವುದು ಬಹುಪಾಲು ಬಟ್ಟೆ ಮತ್ತು ಅಭ್ಯಾಸ. ನಿಮ್ಮ ಮಗ ಒಂದು ತಿಂಗಳೊಳಗೆ ಹಿಮದಲ್ಲಿ ಉರುಳುತ್ತಿರುತ್ತಾನೆ, ಕೈಗವಸು ಹಾಕಿಸುವುದೇ ನಿಮ್ಮ ಕೆಲಸ. ದಪ್ಪ ಜಾಕೆಟ್ಟನ್ನು ಇಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೊಳ್ಳಬೇಡಿ, ಅಲ್ಲೇ ಕೊಳ್ಳಿ. ಇಲ್ಲಿಯದು ಊಟಿಗೆ ಸಾಕು.

ಅತ್ತೆಯವರ ಮೊಣಕಾಲು ಹಾಗಲ್ಲ. ಚಳಿಗೆ ಕೀಲು ಬಿಗಿಯುತ್ತದೆ ಎಂಬುದು ಅನೇಕರ ಅನುಭವ. ಹವೆಗೂ ಕೀಲುನೋವಿಗೂ ನೇರ ಸಂಬಂಧ ಹುಡುಕಿದ ಅಧ್ಯಯನಗಳು ಮಾತ್ರ ಒಂದೇ ಮಾತು ಹೇಳಿಲ್ಲ. ನನ್ನ ಭಯ ನೋವಿನದಲ್ಲ, ಜಾರುವುದರದು. ಟೊರೊಂಟೊದ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಯ ಮೇಲೆ ಕೆಳಗೆ ಓಲಾಡುತ್ತಿರುತ್ತದೆ. ಹಗಲು ಕರಗಿದ ಹಿಮ ರಾತ್ರಿ ಗಾಜಾಗುತ್ತದೆ. ಕೆಲವೊಮ್ಮೆ ಮೇಲೆ ಬೆಚ್ಚನೆಯ ಗಾಳಿಪದರ, ನೆಲದ ಹತ್ತಿರ ಕೊರೆಯುವ ಗಾಳಿ. ಆಗ ಬೀಳುವುದು ಮಳೆಯೇ, ಆದರೆ ಮುಟ್ಟಿದ್ದೆಲ್ಲದರ ಮೇಲೆ ಆ ಕ್ಷಣವೇ ಹೆಪ್ಪುಗಟ್ಟುತ್ತದೆ. 2013ರ ಡಿಸೆಂಬರಿನಲ್ಲಿ ಅಂಥ ಮಳೆಗೆ ಮರಗಳು ಮುರಿದು ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಗಿತ್ತು. 69ರ ವಯಸ್ಸಿನಲ್ಲಿ ಒಮ್ಮೆ ಜಾರಿ ಸೊಂಟದ ಮೂಳೆ ಮುರಿದರೆ ಮುಂದಿನದು ನಿಮಗೇ ಗೊತ್ತು. ಆ ಭಯಕ್ಕೆ ಹಿರಿಯರು ಮನೆಯಿಂದ ಹೊರಗೇ ಕಾಲಿಡುವುದಿಲ್ಲ. ದಿನಾ ಬೆಳಗ್ಗೆ ದೇವಗಿರಿ ದೇವಸ್ಥಾನಕ್ಕೆ ನಡೆದು ಹೋಗಿ ಬಂದು ಅಭ್ಯಾಸವಿದ್ದವರು ನಾಲ್ಕು ತಿಂಗಳು ಕಿಟಕಿ ಪಕ್ಕ ಕೂತರೆ ಮೊಣಕಾಲು ಇನ್ನಷ್ಟು ಜಡವಾಗುತ್ತದೆ. ಚಳಿಯಲ್ಲಿ ರಕ್ತನಾಳ ಕುಗ್ಗಿ ಬಿ.ಪಿ. ಏರುವುದೂ ಇದೆ. ಹೋದ ಮೇಲೆ ಮಾತ್ರೆಯ ಪ್ರಮಾಣ ಮತ್ತೆ ಪರೀಕ್ಷಿಸಬೇಕಾದೀತು.

ಡಬ್ಲಿನ್‌ನಲ್ಲಿ ಹಿಮ ಅಪರೂಪ, ವರ್ಷವಿಡೀ ನಡೆದಾಡಬಹುದು, ಒದ್ದೆಯಾಗಲು ಮನಸ್ಸಿದ್ದರೆ. ಆಗಾಗ ಬಿರುಗಾಳಿ. 2025ರ ಜನವರಿ 24ರಂದು ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 183 ಕಿ.ಮೀ. ವೇಗ ಮುಟ್ಟಿತ್ತು. ಡಬ್ಲಿನ್ ಇರುವುದು ಪೂರ್ವದ ಮಗ್ಗುಲಲ್ಲಿ, ಬೆಟ್ಟಗಳ ಮಳೆನೆರಳಿನಲ್ಲಿ. ಆಗುಂಬೆಗೆ ಹೋಲಿಸಿದರೆ ಚಿತ್ರದುರ್ಗ ಇದ್ದ ಹಾಗೆ. ಮೆಲ್ಬರ್ನ್‌ನ ಚಳಿಗಾಲದಲ್ಲಿ ಹೊರಗೆ ನಡೆಯುವುದೇ ಒಂದು ಸುಖ, ಮೊದಲೇ ಹೇಳಿದಂತೆ ಒಳಗೆ ಕೂರುವುದೇ ಕಷ್ಟ. ಅಲ್ಲಿ ಅತ್ತೆಗೆ ಭಯ ಬೇಸಿಗೆಯದು. 2009ರ ಫೆಬ್ರುವರಿ 7ರಂದು ಆ ಊರು 46.4 ಡಿಗ್ರಿ ಕಂಡಿದೆ. ಒಳನಾಡಿನ ಮರುಭೂಮಿಯ ಗಾಳಿ ಬೀಸಿದಾಗ 40, ಗಾಳಿ ತಿರುಗಿ ದಕ್ಷಿಣ ಸಾಗರದ ಕಡೆಯಿಂದ ಬಂದರೆ ಅರ್ಧ ಗಂಟೆಯಲ್ಲಿ 25. ನಮ್ಮ ಏಪ್ರಿಲ್ ಹಾಗಲ್ಲ, ನಮ್ಮದು ಹೇಳಿ ಕೇಳಿ ಬರುತ್ತದೆ.

ನೀವು ನನ್ನ ತಂಗಿಯಾಗಿದ್ದರೆ ಏನು ಹೇಳುತ್ತಿದ್ದೆ ಎಂದು ಬರೆದುಬಿಡುತ್ತೇನೆ. ಪರೀಕ್ಷೆಯಲ್ಲಿ ನುಸಿ, ಬೂಷ್ಟು ಬಂದರೆ ಟೊರೊಂಟೊ. ಆದರೆ ನೆಲಮಾಳಿಗೆಯ ಮನೆ ಬೇಡವೇ ಬೇಡ. ಬಾಡಿಗೆ ಕಡಿಮೆ ಎಂದು ಹೊಸದಾಗಿ ಬಂದ ನಮ್ಮವರು ಅಲ್ಲೇ ಇಳಿಯುತ್ತಾರೆ. ಬೆಳಕೂ ಇಲ್ಲ, ತೇವವೂ ಇರುತ್ತದೆ, ಊರನ್ನು ಆರಿಸಿದ ಲಾಭವೆಲ್ಲ ಹೋಯಿತು. ಅತ್ತೆಯವರು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮೊಮ್ಮಗನ ಜೊತೆ, ನವೆಂಬರಿನಿಂದ ಏಪ್ರಿಲ್‌ವರೆಗೆ ಮೈಸೂರಿನಲ್ಲಿ ನಿಮ್ಮ ಮೈದುನನ ಮನೆಯಲ್ಲಿ. ಟೊರೊಂಟೊದ ಕೆಟ್ಟ ತಿಂಗಳುಗಳಲ್ಲಿ ಬಹುಪಾಲು ನಮ್ಮ ಒಳ್ಳೆಯ ತಿಂಗಳುಗಳೇ. ವರ್ಷಕ್ಕೊಂದು ವಿಮಾನದ ಖರ್ಚು, ಮೊಮ್ಮಗನನ್ನು ಅಗಲುವ ಸಂಕಟ, ಮೈದುನನ ಹೆಂಡತಿಯ ಒಪ್ಪಿಗೆ ಇವೆಲ್ಲ ಹವಾಮಾನ ಶಾಸ್ತ್ರದ ಹೊರಗಿನವು.

ಪರೀಕ್ಷೆಯಲ್ಲಿ ಹುಲ್ಲು ಬಾರದೆ, ಅತ್ತೆಯವರು ವರ್ಷವಿಡೀ ಜೊತೆಗಿರಲೇಬೇಕು ಎಂದಾದರೆ ಮೆಲ್ಬರ್ನ್. ಅಲ್ಲಿ ಮನೆ ನೋಡುವಾಗ ಗೋಡೆಗೆ ಕೂರಿಸಿದ ಹೀಟರ್, ಎರಡು ಪದರ ಗಾಜು ಇದೆಯೇ ಎಂದು ಕೇಳಿ, ಬಾಗಿಲ ಕೆಳಗೆ ಕೈ ಇಟ್ಟು ನೋಡಿ. ಹುಲ್ಲು ಬಂದರೆ, ಅತ್ತೆಯೂ ಬರಲೇಬೇಕಾದರೆ ಡಬ್ಲಿನ್. ಅಲ್ಲಿ ಬಾಡಿಗೆ ಜಾಹೀರಾತಿನಲ್ಲೇ ಮನೆಯ ಇಂಧನ ದರ್ಜೆ ‘ಎ’ಯಿಂದ ‘ಜಿ’ವರೆಗೆ ನಮೂದಿಸಬೇಕೆಂಬ ನಿಯಮವಿದೆ. ‘ಸಿ’ಗಿಂತ ಕೆಳಗಿನದಕ್ಕೆ ಕೈ ಹಾಕಬೇಡಿ, ಬಟ್ಟೆ ಒಣಗಿಸುವ ಯಂತ್ರವನ್ನು ಐಷಾರಾಮ ಎಂದುಕೊಳ್ಳಬೇಡಿ. ನುಸಿ, ಹುಲ್ಲು ಎರಡೂ ಬಂದು ಅತ್ತೆಯೂ ಹಠ ಹಿಡಿದರೆ, ಅದೇ ಡಬ್ಲಿನ್, ಆದರೆ ಇತ್ತೀಚೆಗೆ ಕಟ್ಟಿದ ಮನೆ, ಕಾರ್ಪೆಟ್ ಇಲ್ಲದ್ದು. ಬಾಡಿಗೆ ನಿಮ್ಮ ಲೆಕ್ಕ ಮೀರುತ್ತದೆ, ಶೀಟಿನಲ್ಲಿ ಈಗಲೇ ತಿದ್ದಿಸಿ.

ಕಂಪನಿಯವರು ಊರು ನೋಡಿ ಬರಲು ಕಳಿಸುತ್ತೇವೆ ಎಂದರೆ ಡಬ್ಲಿನ್‌ಗೆ ಜೂನ್‌ನಲ್ಲಿ ಹೋಗಬೇಡಿ. ರಾತ್ರಿ ಹತ್ತರವರೆಗೂ ಬೆಳಕು, ಹಸಿರು, ತಂಗಾಳಿ, ಯಾರಾದರೂ ಮನಸೋಲುತ್ತಾರೆ. ಡಿಸೆಂಬರಿನಲ್ಲಿ ಹೋಗಿ. ಟೊರೊಂಟೊಗೆ ಫೆಬ್ರುವರಿ ಕೊನೆಯಲ್ಲಿ, ಹಿಮ ಬೂದಿ ಬಣ್ಣಕ್ಕೆ ತಿರುಗಿ ಎಲ್ಲರಿಗೂ ಸಾಕಾಗಿರುವಾಗ. ಮೆಲ್ಬರ್ನ್‌ಗೆ ಜುಲೈನಲ್ಲಿ, ಹೋಟೆಲ್ ಬಿಟ್ಟು ಯಾರದಾದರೂ ಮನೆಯಲ್ಲಿ ಉಳಿದುಕೊಂಡು.

ಮನೆಯ ದಿಕ್ಕಿನ ಬಗ್ಗೆ ನೀವು ಕೇಳಲಿಲ್ಲ, ಆದರೆ ಅತ್ತೆ ಕೇಳಿಯೇ ಕೇಳುತ್ತಾರೆ. ಬೆಂಗಳೂರಿನಲ್ಲಿ ಸೂರ್ಯ ಏಪ್ರಿಲ್ 24ರ ಸುಮಾರಿಗೆ ನೆತ್ತಿಯ ಮೇಲೆ ಬಂದು ಉತ್ತರಕ್ಕೆ ದಾಟಿ, ಆಗಸ್ಟ್ 18ರ ಸುಮಾರಿಗೆ ಹಿಂದಿರುಗುತ್ತಾನೆ. ಹಾಗಾಗಿ ನಮಗೆ ಯಾವ ದಿಕ್ಕಾದರೂ ಬೆಳಕಿಗೆ ಕೊರತೆಯಿಲ್ಲ. ಟೊರೊಂಟೊ, ಡಬ್ಲಿನ್‌ಗಳಲ್ಲಿ ನಡುಹಗಲಿನ ಸೂರ್ಯ ಸದಾ ದಕ್ಷಿಣದಲ್ಲೇ. ದಕ್ಷಿಣದ ಬಾಗಿಲು ಬೇಡ ಎನ್ನುವ ನಮ್ಮವರು ಅಲ್ಲಿ ಚಳಿಗಾಲದ ಬಿಸಿಲನ್ನೇ ಬೇಡ ಎಂದಂತೆ. ಮೆಲ್ಬರ್ನ್‌ನಲ್ಲಿ ಎಲ್ಲ ತಿರುಗುಮುರುಗು, ಉತ್ತರದ ಕಿಟಕಿಗೇ ಬಿಸಿಲು.

ತುಳಸಿ ಪ್ರಶ್ನೆಗೆ ನಾನು ನಗಲಿಲ್ಲ. ನನ್ನ ಮನೆಯವರೂ ಟೊರೊಂಟೊಗೆ ಹೊರಟಾಗ ಅದನ್ನೇ ಕೇಳಿದ್ದರು. ಪ್ರಮಾಣಪತ್ರವಿಲ್ಲದೆ ಗಿಡವನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಬೀಜ ತಂದರೂ ಇಳಿದ ಕೂಡಲೇ ಘೋಷಿಸಬೇಕು, ಮುಚ್ಚಿಟ್ಟರೆ ದಂಡ. ಬೀಜವನ್ನು ಅಲ್ಲಿಯೇ ಕೊಂಡು ಕುಂಡದಲ್ಲಿ ಹಾಕಿ. 10 ಡಿಗ್ರಿಗಿಂತ ಕೆಳಗೆ ತುಳಸಿ ಸೊರಗುತ್ತದೆ, ಇಬ್ಬನಿ ಹೆಪ್ಪುಗಟ್ಟಿದ ಒಂದೇ ರಾತ್ರಿಗೆ ಕಪ್ಪಾಗುತ್ತದೆ. ಟೊರೊಂಟೊದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಲ್ಕನಿಯಲ್ಲಿಟ್ಟು, ಆಮೇಲೆ ಒಳಗೆ ದಕ್ಷಿಣದ ಕಿಟಕಿಗೆ ತನ್ನಿ. ನಮ್ಮದು ಎರಡು ಚಳಿಗಾಲ ಕಳೆಯಿತು. ಮೂರನೆಯದರಲ್ಲಿ ಮೊಮ್ಮಗಳು ಹಿಮ ನೋಡಲಿ ಎಂದು ಅದನ್ನು ಹತ್ತು ನಿಮಿಷ ಹೊರಗಿಟ್ಟಳು.